ಬೋರ್ಮಿಯೊದಲ್ಲಿ ಸ್ಕೀ ರಜೆ: ಯಾರು ಹೋಗಬಹುದು, ಯಾರಿಗೆ ಬೇಡ

ಇಟಲಿಯ ಬೋರ್ಮಿಯೊಗೆ ಸ್ಕೀ ಮಾಡಲು ಹೋಗೋಣ್ವಾ ಅಂತ ಯೋಚಿಸುತ್ತಿದ್ದರೆ, ಮೊದಲು ಜೊತೆಗೆ ಯಾರು ಬರುತ್ತಾರೆ ನೋಡಿಕೊಳ್ಳಿ. ಎಲ್ಲರೂ ಬೆಳಿಗ್ಗೆಯಿಂದ ಸಂಜೆವರೆಗೂ ಸ್ಕೀ ಮಾಡುವವರಾದರೆ ಬೇರೆ ಜಾಗ ಹುಡುಕಿ. ಇಲ್ಲಿರುವುದು ಸುಮಾರು 50 ಕಿಲೋಮೀಟರ್ ಇಳಿಜಾರು, ಅದೂ ಒಂದೇ ಬೆಟ್ಟದಲ್ಲಿ. ಚೆನ್ನಾಗಿ ಬಲ್ಲವರಿಗೆ ಬೇಗ ಮುಗಿದುಹೋಗುತ್ತದೆ. ಆದರೆ ನಮ್ಮ ಹಾಗೆ ಮನೆಯಲ್ಲಿ ಅರ್ಧ ಜನಕ್ಕೆ ಸ್ಕೀ ಬೇಡವೇ ಬೇಡ ಅಂದರೆ, ಈ ಊರು ಹೇಳಿ ಮಾಡಿಸಿದಂತಿದೆ.

ಊರು 1,225 ಮೀಟರ್ ಎತ್ತರದಲ್ಲಿದೆ, ಸ್ಕೀ ಮಾಡುವವರನ್ನು ಬೆಟ್ಟಕ್ಕೆ ಒಯ್ಯುವ ಲಿಫ್ಟ್ ಮುಟ್ಟುವ ಚೀಮಾ ಬಿಯಾಂಕಾ ಶಿಖರ 3,012 ಮೀಟರ್. ಅಲ್ಲಿಂದ ಊರಿನ ತನಕ ಇಳಿಯುವಷ್ಟರಲ್ಲಿ ತೊಡೆ ಉರಿಯುತ್ತದೆ. ಇಲ್ಲಿನ ಸ್ಟೆಲ್ವಿಯೊ ಇಳಿಜಾರು ತುಂಬಾ ಕಡಿದು. 2026ರ ಒಲಿಂಪಿಕ್ಸ್‌ನ ಗಂಡಸರ ಆಲ್ಪೈನ್ ಸ್ಕೀ ಸ್ಪರ್ಧೆಗೆ ಇದನ್ನೇ ಆರಿಸಿದ್ದು. ಹೊಸಬರು ಅದರ ತಂಟೆಗೆ ಹೋಗಬೇಡಿ. ಗೊಂಡೋಲಾ (ಕೇಬಲ್ ಕಾರು) ಹತ್ತಿ ಬೆಟ್ಟದ ನಡುವಿನ ಬೋರ್ಮಿಯೊ 2000 ನಿಲ್ದಾಣಕ್ಕೆ ಹೋಗಿ, ಅಲ್ಲೇ ಕಲಿತು, ಗೊಂಡೋಲಾದಲ್ಲೇ ಇಳಿಯಿರಿ. ಬಾಡಿಗೆ ಬೂಟು ಹಾಕಿದಾಗ ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ ನೋಡಿ. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೆದ್ದರೆ ಆ ಬೂಟು ಬೇಡ, ಬೇರೆ ಕೇಳಿ.

ನನಗೆ ಜಾಸ್ತಿ ಇಷ್ಟವಾದದ್ದು ಊರು. ಮಿಲಾನ್ ಕಡೆಯಿಂದ ಆಲ್ಪ್ಸ್ ದಾಟುವ ವ್ಯಾಪಾರದಿಂದ ಬೆಳೆದ ಊರಿದು. ಕಾವೂರ್ ಚೌಕದಲ್ಲಿ ಕುಎರ್ಕ್ ಅಂತ ಗೋಡೆಯಿಲ್ಲದ ಹಳೇ ಮಂಟಪವಿದೆ. ಹಿಂದೆ ನ್ಯಾಯ ಪಂಚಾಯಿತಿ ಅದರಡಿಯಲ್ಲೇ ನಡೆಯುತ್ತಿತ್ತು. ಊರಾಚೆಯ ಬಾನ್ಯಿ ವೆಕ್ಕಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಬಂಡೆ ಕೊರೆದ ಸುರಂಗದೊಳಗೆ ಹಬೆ, ಹೊರಗೆ ಕಣಿವೆಗೆ ಮುಖ ಮಾಡಿದ ಕೊಳ. ಕುತ್ತಿಗೆವರೆಗೆ ಬಿಸಿನೀರು, ತಲೆಗೂದಲ ಮೇಲೆ ಮಂಜುಗಡ್ಡೆ! ಸ್ಕೀ ಮಾಡದವರು ಅರ್ಧ ದಿನ ಇಲ್ಲೇ ಕಳೆಯಬಹುದು. ಚಿಕ್ಕ ಮಕ್ಕಳಿದ್ದರೆ ಊರೊಳಗಿನ ಬೋರ್ಮಿಯೊ ತೆರ್ಮೆ ಎಂಬ ಬಿಸಿನೀರಿನ ಸ್ನಾನದ ಜಾಗ ಅನುಕೂಲ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಪಿತ್ಸೊಕ್ಕೆರಿ ಅಂತ ಬಕ್‌ವೀಟ್ ಹಿಟ್ಟಿನ ಪಾಸ್ತಾ ಸಿಗುತ್ತದೆ. ಆಲೂಗಡ್ಡೆ, ಎಲೆಕೋಸು, ಚೀಸ್, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ ಸುರಿದು ಕೊಡುತ್ತಾರೆ. ಒಂದು ತಟ್ಟೆ ತಿಂದರೆ ರಾತ್ರಿವರೆಗೂ ಹಸಿವಾಗಲ್ಲ. ಚೀಸ್ ತುಂಬಿದ ಬೋಂಡಾದಂಥ ಶಿಯಾಟ್ ಕೂಡ ರುಚಿ, ಆದರೆ ಹಿಟ್ಟಿಗೆ ಗ್ರಾಪಾ ಮದ್ಯ ಸೇರಿಸುವುದುಂಟು. ಬೇಡದವರು ಮೊದಲೇ ಕೇಳಿ.

ಮಿಲಾನ್‌ನಿಂದ ತಿರಾನೊಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಎಡಗಡೆ ಕೂತರೆ ಕೋಮೊ ಸರೋವರ ಕಾಣುತ್ತದೆ. ತಿರಾನೊದಿಂದ ಬೋರ್ಮಿಯೊಗೆ ಬಸ್ಸು. ಸಂಜೆ ತಡವಾದರೆ ಬಸ್ಸು ಸಿಗುವುದು ಕಷ್ಟ, ಮಿಲಾನ್‌ನಲ್ಲೇ ಒಂದು ರಾತ್ರಿ ತಂಗುವುದು ವಾಸಿ.

ಬೆಂಗಳೂರಿನಿಂದ ಹೊರಡುವವರು ಷೆಂಗೆನ್ ವೀಸಾಕ್ಕೆ ಮಾಡಿಸುವ ವಿಮೆಯನ್ನು ಸರಿಯಾಗಿ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ. ನಿಮ್ಮಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆಯೂ ಇಟಲಿಯಲ್ಲಿ 2022ರಿಂದ ಕಡ್ಡಾಯ. ಅದನ್ನು ಲಿಫ್ಟ್ ಪಾಸ್ ಜೊತೆಗೇ ಕೆಲವು ಯೂರೋ ಕೊಟ್ಟು ತೆಗೆದುಕೊಳ್ಳಬಹುದು. ಹೆಲ್ಮೆಟ್ ದೊಡ್ಡವರಿಗೂ ಬೇಕು, ಬೂಟಿನ ಜೊತೆಗೇ ಬಾಡಿಗೆಗೆ ಸಿಗುತ್ತದೆ.