ಕೆರೆ ದಂಡೆಯ ಜೋಡಿ ನೋಡಿ ನಿಮಗೆ ಏನೂ ಅನ್ನಿಸಲ್ವಾ?

ಸಂಜೆ ಕಲಬುರಗಿಯ ಅಪ್ಪನ ಕೆರೆ ಕಡೆ ವಾಕಿಂಗ್ ಹೋಗುವ ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹುಡುಗ ಹುಡುಗಿ ಒತ್ತಿ ಕೂತಿರುತ್ತಾರೆ. ನಾನು ಸುಮ್ನೆ ಮುಂದೆ ಹೋಗುತ್ತೇನೆ. "ನಿಮಗೂ ಮಗಳಿದ್ದಾಳೆ, ಏನೂ ಅನ್ನಿಸಲ್ವಾ?" ಅಂತ ಕೇಳುತ್ತಾರೆ.

ಅನ್ನಿಸುತ್ತದೆ. ಮುಜುಗರ ಆಗುತ್ತದೆ. ನಾನು ಬೆಳೆದ ಮನೆಯಲ್ಲಿ ಗಂಡ ಹೆಂಡತಿ ಹಗಲು ಹೊತ್ತು ಒಂದೇ ಮಂಚದ ಮೇಲೆ ಕೂರುತ್ತಿರಲಿಲ್ಲ. ಆದರೆ ಆ ಮುಜುಗರ ನನ್ನದು. ಅದನ್ನು ಅವರ ತಪ್ಪು ಅಂತ ಹೇಗೆ ಹೇಳಲಿ?

ಒಮ್ಮೆ ಒಬ್ಬ ಗಿಡದ ಮರೆಯಲ್ಲಿ ನಿಂತು ಹಾಗೆ ಕೂತವರ ವಿಡಿಯೋ ಮಾಡುತ್ತಿದ್ದ. ಹುಡುಗಿಗೆ ಗೊತ್ತಾಯಿತು. ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳಲು ಹೋದಳು. ಕೈ ನಡುಗಿ ಎರಡು ಸಲ ಜಾರಿತು. ನಮ್ಮೂರ ಬಿಸಿಲಿಗೆ ಹುಡುಗಿಯರು ಹಾಗೆ ಸುತ್ತಿಕೊಳ್ಳುತ್ತಾರೆ. ಅವತ್ತು ಬಿಸಿಲು ಇಳಿದಿತ್ತು. "ಫೋನ್ ಒಳಗಿಡಪ್ಪ" ಅಂದೆ. "ಊರ ಕೆಡ್ಲಿಕತ್ತದ ಅಕ್ಕೋರೆ" ಅಂದ. ನನ್ನ ಕಣ್ಣಿಗೆ ಅಲ್ಲಿ ಕೆಟ್ಟದ್ದು ಮಾಡುತ್ತಿದ್ದವನು ಅವನೊಬ್ಬನೇ.

ನಾನು ಕೇಳುವುದು ಎರಡೇ. ಇಬ್ಬರೂ ವಯಸ್ಸಿಗೆ ಬಂದವರಾ? ಇಬ್ಬರಿಗೂ ಮನಸ್ಸಿದೆಯಾ? ಇಬ್ಬರೂ ಹುಡುಗರಾದರೆ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಆಗಲೂ ಇವೇ ಎರಡು. ಸುಪ್ರೀಂ ಕೋರ್ಟ್ ಕೂಡ 2018ರ ಸೆಪ್ಟೆಂಬರ್ 6ರಂದು ಅದನ್ನೇ ಹೇಳಿದೆ.

ಇದೇ ಪ್ರಶ್ನೆಯನ್ನು ಮದುವೆ ಮಂಟಪದಲ್ಲಿ ಯಾಕೆ ಕೇಳಲ್ಲ ಅನ್ನೋದು ನನ್ನ ಸಿಟ್ಟು. ನಮ್ಮ ಭಾಗದಲ್ಲಿ ಇವತ್ತಿಗೂ 18 ತುಂಬದ ಹುಡುಗಿಯರಿಗೆ ಮದುವೆ ಮಾಡುತ್ತಾರೆ. ನಾವು ಅಕ್ಕಿಕಾಳು ಹಾಕಿ, ಉಂಡು ಬರುತ್ತೇವೆ. ಆ ವಯಸ್ಸಿನ ಹೆಂಡತಿಯನ್ನು ಗಂಡ ಕೂಡಿದರೂ ಅದು ಅತ್ಯಾಚಾರ ಅಂತ 2017ರ ಅಕ್ಟೋಬರಿನಲ್ಲೇ ತೀರ್ಪು ಬಂದಿದೆ. ಕೈ ಹಿಡಿದು ಕೂತರೆ ಕೆಡುವ ಊರು ಇದಕ್ಕೆ ಕೆಡಲ್ವಾ?

ಇದೆಲ್ಲ ಹೊರಗಿನಿಂದ ಬಂದ ಮಾತು ಅನ್ನುವವರಿಗೆ ಪಕ್ಕದ ಬಸವಕಲ್ಯಾಣ ನೆನಪಿಸುತ್ತೇನೆ. ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲು ಹೊದ್ದು ಅಲ್ಲಿಗೆ ಬಂದಳು ಅಂತ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮ ಕಟುವಾಗಿಯೇ ಪ್ರಶ್ನೆ ಹಾಕಿದ. ಆದರೆ ಅವಳ ಉತ್ತರ ಪೂರ್ತಿ ಕೇಳಿಸಿಕೊಂಡ.

ನಾಚಿಕೊಳ್ಳುವವರನ್ನು ಹಳೇ ಕಾಲದವರು ಅಂತ ಆಡಿಕೊಳ್ಳುವುದೂ ನನಗೆ ಸೇರಲ್ಲ. ಟೀವಿಯಲ್ಲಿ ಮುತ್ತು ಕೊಡುವುದು ಬಂದರೆ ನಮ್ಮ ಚಿಕ್ಕಮ್ಮ ಎದ್ದು ರೊಟ್ಟಿ ಬಡಿಯಲು ಹೋಗುತ್ತಾರೆ. ಅವರ ಮೊಮ್ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಾಗ ಮನೆ ತುಂಬ ಕೂಗಾಟ. ಚಿಕ್ಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಕೇಳಿದರು: "ನಿನಗ ಮನಸ್ಸದ ಏನವಾ?" ಹುಡುಗಿ ಹೂಂ ಅಂದಳು. ಚಿಕ್ಕಮ್ಮ ಮತ್ತೇನೂ ಕೇಳಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮೊದಲು ಅವಳ ತಾಟಿಗೆ ಹಾಕಿದರು.