ಮಠದ ಅಂಗಳದಲ್ಲೊಂದು ಆವಿಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಸೇಂಟ್ ಜಾನ್ಸ್ ಅಬ್ಬೆ ಎಂಬ, ಸಂತ ಬೆನೆಡಿಕ್ಟರ ನಿಯಮದಂತೆ ಬಾಳುವ ಕ್ರೈಸ್ತ ಸನ್ಯಾಸಿಗಳ ಮಠದ ಕುಂಬಾರಿಕೆಯ ವಿಷಯವೇ ಈಚೆಗೆ ನನ್ನ ಮನಸ್ಸನ್ನು ತುಂಬಿಕೊಂಡಿದೆ. ಜಪಾನಿನ ಕರಾತ್ಸುವಿನಲ್ಲಿ ಮಣ್ಣಿನ ಕೆಲಸ ಕಲಿತು ಬಂದ ರಿಚರ್ಡ್ ಬ್ರೆಸ್ನಹಾನ್ ಅವರು 1979ರಲ್ಲಿ ಅಲ್ಲಿ ನಿವಾಸಿ ಕಲಾವಿದರಾಗಿ ನೆಲೆಸಿ, ದಶಕಗಳ ಕಾಲ ಅಲ್ಲಿನ ಸುತ್ತಮುತ್ತಲ ಜೇಡಿಮಣ್ಣನ್ನೇ ತಿಗರಿಯ ಮೇಲೆ ತಿರುಗಿಸಿದರು. ಮೆರುಗು ಬರುವುದು ಹೊಲದ ಹೊಟ್ಟು, ಹುಲ್ಲು ಸುಟ್ಟ ಬೂದಿಯಿಂದ. 87 ಅಡಿ ಉದ್ದದ ಆವಿಗೆಗೆ ಬೆಂಕಿ ಇಟ್ಟರೆ, ಅದನ್ನು ಹಗಲಿರುಳೆನ್ನದೆ ಸರದಿಯ ಮೇಲೆ ಕಾಯುತ್ತ ಸೌದೆ ಹಾಕಲು ಹತ್ತಾರು ಜನ ಸೇರಬೇಕು.

ಕಲಾವಿದರನ್ನು ಕರೆದು ತಮ್ಮಲ್ಲಿ ಉಳಿಸಿಕೊಂಡು ಕೆಲಸ ಮಾಡಗೊಡುವ ಬಹುತೇಕ ರೆಸಿಡೆನ್ಸಿಗಳು ಅವರಿಗೆ ಕೆಲವೇ ವಾರಗಳ ಬಿಡುವು ಕೊಟ್ಟು, ಕೊನೆಗೊಂದು ಪ್ರದರ್ಶನವನ್ನು ನಿರೀಕ್ಷಿಸುತ್ತವೆ. ಪ್ರಾರ್ಥನೆಯ ಗಂಟೆಗೆ ದಿನವನ್ನು ಒಪ್ಪಿಸಿದ ಮಠಕ್ಕೆ ಆ ಅವಸರವಿಲ್ಲ. ಮಣ್ಣು ಹದಗೊಳ್ಳುವ ತನಕ ಕಾಯುವುದು ಅಲ್ಲಿಯವರಿಗೆ ಹೊಸದೇನೂ ಅಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿಯ 57ನೆಯ ಅಧ್ಯಾಯವಂತೂ ಮಠದ ಕುಶಲಕರ್ಮಿಗಳಿಗೇ ಮೀಸಲು. ತನ್ನ ಕೈಚಳಕದಿಂದ ಮಠಕ್ಕೆ ಲಾಭವಾಗುತ್ತಿದೆಯೆಂದು ಯಾರಾದರೂ ಬೀಗಿದರೆ ಅವರನ್ನು ಆ ಕೆಲಸದಿಂದ ಬಿಡಿಸಬೇಕೆಂದೂ, ತಯಾರಾದ ವಸ್ತುಗಳನ್ನು ಹೊರಗಿನವರಿಗಿಂತ ತುಸು ಕಡಿಮೆ ಬೆಲೆಗೇ ಮಾರಬೇಕೆಂದೂ ಅದು ಹೇಳುತ್ತದೆ. ಕಲಾವಿದರ ಹೆಸರೇ ಬೆಲೆಯನ್ನು ನಿರ್ಧರಿಸುವ ಈ ಕಾಲದಲ್ಲಿ ಇದು ಬಹಳ ಕಠಿಣವಾದ ಮಾತು, ಆದರೂ ನನಗೆ ತೀರ ಪ್ರಿಯವಾದದ್ದು. ಇಂಥ ಷರತ್ತುಗಳನ್ನೇ ಮುಂದಿಟ್ಟು ಯಾವುದಾದರೂ ಮಠ ಕಲಾವಿದರನ್ನು ಕರೆದರೆ, ನಾನು ಸಂತೋಷದಿಂದ ಅರ್ಜಿ ಹಾಕುತ್ತೇನೆ.