ಬಟನ್ ಬೂದಾದರೆ ಸಾಲದು: ಕ್ಲಿಕ್ ತಡೆಯುವಾಗ ತಪ್ಪುವುದೆಲ್ಲಿ?

ಹಣ ಕಟ್ಟುವ ಫಾರ್ಮಿನಲ್ಲಿ ‘ಪಾವತಿಸಿ’ ಬಟನ್ನನ್ನು ಎರಡು ಸಲ ಒತ್ತಿದರೆ ಎರಡು ಸಲ ಹಣ ಹೋಗುತ್ತಿದೆ, ತಡೆಯಿರಿ ಎಂದು ಟಿಕೆಟ್ (ದೋಷ ಸರಿಪಡಿಸುವ ಕೋರಿಕೆ) ಬರುತ್ತದೆ. ಹೆಚ್ಚಿನವರು ಮೊದಲು ಬರೆಯುವುದು ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ಎರಡು ಸಾಲು: ‘ಪಾಯಿಂಟರ್-ಈವೆಂಟ್ಸ್: ನನ್’, ಜೊತೆಗೆ ಬಟನ್ ಮಸುಕಾಗಿಸುವ ‘ಒಪಾಸಿಟಿ: 0.5’. ಮೌಸಿನಿಂದ ಒತ್ತಿ ನೋಡಿದರೆ ಏನೂ ಆಗುವುದಿಲ್ಲ. ಟಿಕೆಟ್ ಮುಚ್ಚುತ್ತಾರೆ. ಅದೇ ಪುಟದಲ್ಲಿ ಟ್ಯಾಬ್ ಕೀ ಒತ್ತುತ್ತಾ ಆ ಬಟನ್‌ಗೆ ಬಂದು ಎಂಟರ್ ಒತ್ತಿ ನೋಡಿ, ಫಾರ್ಮ್ ಹೊರಟೇ ಹೋಗುತ್ತದೆ. ಮೊತ್ತ ತುಂಬುವ ಜಾಗದಲ್ಲಿ ನಿಂತು ಎಂಟರ್ ಒತ್ತಿದರೂ ಅಷ್ಟೆ.

ಕಾರಣ ಸರಳ. ಪರದೆಯ ಈ ಬಿಂದುವಿನಲ್ಲಿ ಯಾವ ಎಲಿಮೆಂಟ್ (ಪುಟದ ಅಂಶ) ಇದೆ ಎಂದು ಬ್ರೌಸರ್ ಹುಡುಕುವಾಗ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದಷ್ಟೇ ಆ ‘ಪಾಯಿಂಟರ್-ಈವೆಂಟ್ಸ್’ ಸಾಲು ಹೇಳುತ್ತದೆ. ಮೌಸ್, ಬೆರಳು, ಪೆನ್ನು ಇವಕ್ಕೆ ಮಾತ್ರ ಅದು ಸಂಬಂಧಿಸಿದ್ದು. ಕೀಬೋರ್ಡಿಗೂ ಸ್ಕ್ರಿಪ್ಟಿನಿಂದ ಕರೆಯುವ ‘ಕ್ಲಿಕ್()’ಗೂ ಅದರ ಗೊಡವೆಯಿಲ್ಲ. ಇನ್ನೂ ಮೂರು ತೊಂದರೆಗಳಿವೆ. ಕ್ಲಿಕ್ ಅಲ್ಲಿಗೇ ನಿಲ್ಲದೆ ಕೆಳಗಿರುವ ಎಲಿಮೆಂಟ್‌ಗೆ ಹೋಗಿ ಬೀಳುತ್ತದೆ. ಇಡೀ ಕಾರ್ಡಿಗೆ ಲಿಂಕ್ ಹಾಕಿದ್ದರೆ ಆ ಲಿಂಕ್ ತೆರೆದುಕೊಳ್ಳುತ್ತದೆ. ಒಳಗಿನ ಯಾವುದಾದರೂ ಮಗು ಎಲಿಮೆಂಟ್‌ಗೆ ‘ಆಟೊ’ ಎಂದು ಬರೆದಿದ್ದರೆ ಅದು ಮತ್ತೆ ಕ್ಲಿಕ್ ಆಗುತ್ತದೆ. ಮೇಲಾಗಿ ‘ಕರ್ಸರ್: ನಾಟ್-ಅಲೌಡ್’ ಎಂದು ಎಷ್ಟೇ ಬರೆದರೂ ಆ ಗುರುತು ಕಾಣಿಸದು, ಏಕೆಂದರೆ ಬ್ರೌಸರ್ ಪಾಲಿಗೆ ಮೌಸ್ ಆ ಬಟನ್ ಮೇಲೆ ಇಲ್ಲವೇ ಇಲ್ಲ. ಚಿತ್ರದ ಮೇಲಿನ ವಾಟರ್‌ಮಾರ್ಕ್, ಡ್ರಾಪ್‌ಡೌನ್ ಮೇಲೆ ಕೂರಿಸಿದ ಬಾಣದ ಐಕಾನ್ ಇಂಥವಕ್ಕೆ ಈ ಸಾಲು ಚೆನ್ನ. ಹಣದ ಬಟನ್‌ಗೆ ಬೇಡ.

ಬಟನ್, ಇನ್‌ಪುಟ್, ಸೆಲೆಕ್ಟ್, ಟೆಕ್ಸ್ಟ್‌ಏರಿಯಾ ಇವಕ್ಕೆ ಎಚ್‌ಟಿಎಂಎಲ್‌ನಲ್ಲೇ ‘ಡಿಸೇಬಲ್ಡ್’ ಇದೆ. ಅದನ್ನು ಹಾಕಿದರೆ ಮೌಸೂ ನಿಲ್ಲುತ್ತದೆ, ಟ್ಯಾಬ್ ಕೂಡ ಅಲ್ಲಿಗೆ ಬರುವುದಿಲ್ಲ. ಸಬ್ಮಿಟ್ ಬಟನ್ ಡಿಸೇಬಲ್ ಆಗಿದ್ದರೆ ಟೆಕ್ಸ್ಟ್ ಬಾಕ್ಸಿನ ಎಂಟರ್‌ಗೂ ಫಾರ್ಮ್ ಹೋಗದು. ಇಲ್ಲಿ ಕೆಡುವುದು ಯಾವ ಗಳಿಗೆಯಲ್ಲಿ ಹಾಕಿದಿರಿ ಎಂಬುದರಿಂದ.

ಬಟನ್ನಿನ ಕ್ಲಿಕ್ ಹ್ಯಾಂಡ್ಲರ್ (ಕ್ಲಿಕ್ ಆದಾಗ ಓಡುವ ಕೋಡ್) ಒಳಗೇ ಅದನ್ನು ಡಿಸೇಬಲ್ ಮಾಡಿದರೆ ಮೊದಲ ಸಲವೂ ಫಾರ್ಮ್ ಹೋಗುವುದಿಲ್ಲ. ಹ್ಯಾಂಡ್ಲರ್ ಮುಗಿದ ಮೇಲೆ ಬ್ರೌಸರ್ ಫಾರ್ಮ್ ಕಳಿಸಲು ಬರುತ್ತದೆ, ಬಟನ್ ಮುಚ್ಚಿರುವುದನ್ನು ನೋಡಿ ಸುಮ್ಮನಾಗುತ್ತದೆ. ಹಾಗಾಗಿ ಆ ಕೆಲಸ ಫಾರ್ಮಿನ ಸಬ್ಮಿಟ್ ಈವೆಂಟ್‌ಗೆ ಸೇರಬೇಕು. ಅಲ್ಲೂ ಒಂದು ಅಪಾಯ ಇದೆ: ಕಳಿಸಬೇಕಾದ ವಿವರಗಳನ್ನು ಬ್ರೌಸರ್ ಒಟ್ಟುಮಾಡುವುದು ಸಬ್ಮಿಟ್ ಈವೆಂಟ್ ಆದ ನಂತರ, ಮತ್ತು ಡಿಸೇಬಲ್ ಆದ ಯಾವುದನ್ನೂ ಅದು ಸೇರಿಸಿಕೊಳ್ಳುವುದಿಲ್ಲ. ‘ಉಳಿಸಿ’, ‘ಅನುಮೋದಿಸಿ’ ಎಂದು ಎರಡು ಬಟನ್ ಇಟ್ಟು ಯಾವುದು ಒತ್ತಿದ್ದು ಎಂದು ಬಟನ್ನಿನ ಹೆಸರಿನಿಂದ ಸರ್ವರ್ ಗುರುತಿಸುತ್ತಿದ್ದರೆ ಆ ಹೆಸರೇ ತಲುಪುವುದಿಲ್ಲ. ಇಡೀ ಫೀಲ್ಡ್‌ಸೆಟ್ಟನ್ನು (ಫಾರ್ಮಿನ ಜಾಗಗಳ ಗುಂಪನ್ನು) ಅಲ್ಲೇ ಮುಚ್ಚಿದರಂತೂ ಅದರೊಳಗಿನ ಒಂದು ವಿವರವೂ ಹೋಗದು. ಡಿಸೇಬಲ್ ಮಾಡುವ ಸಾಲನ್ನು 0 ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್ (ಕೋಡನ್ನು ತುಸು ತಡವಾಗಿ ಓಡಿಸುವ ಫಂಕ್ಷನ್) ಒಳಗಿಟ್ಟರೆ ವಿವರ ಸೇರಿದ ಮೇಲೆ ಬಟನ್ ಮುಚ್ಚುತ್ತದೆ. ಸ್ಕ್ರಿಪ್ಟಿನಿಂದಲೇ ಕಳಿಸುವ ಫೆಚ್ ಬಳಸುವವರು ಮೊದಲು ಫಾರ್ಮ್‌ಡೇಟಾ (ತುಂಬಿದ ವಿವರಗಳು) ತೆಗೆದುಕೊಂಡು ಆಮೇಲೆ ಮುಚ್ಚಬೇಕು. ಗೆದ್ದರೂ ಸೋತರೂ ಕೊನೆಗೆ ಓಡುವ ‘ಫೈನಲಿ’ಯಲ್ಲಿ ಮತ್ತೆ ತೆರೆಯಬೇಕು, ಇಲ್ಲದಿದ್ದರೆ ನೆಟ್‌ವರ್ಕ್ ಕೈಕೊಟ್ಟ ದಿನ ಬಟನ್ ಬೂದಾಗಿಯೇ ಉಳಿಯುತ್ತದೆ.

ನಾವು ಹೆಚ್ಚು ನಂಬುವುದು ಕೋಡಿನಲ್ಲಿ ಇಡುವ ಒಂದು ಗುರುತನ್ನು. ಸಬ್ಮಿಟ್ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ‘ಕಳಿಸುತ್ತಿದೆ’ ಎಂಬ ಗುರುತು ಇದೆಯೇ ನೋಡಿ, ಇದ್ದರೆ ಪ್ರಿವೆಂಟ್‌ಡೀಫಾಲ್ಟ್ ಕರೆದು ಬ್ರೌಸರ್ ಕಳಿಸುವುದನ್ನು ತಡೆಯಿರಿ. ಇಲ್ಲದಿದ್ದರೆ ಗುರುತು ಹಾಕಿ ಮುಂದೆ ಬಿಡಿ. ಬಟನ್‌ಗೆ ಡಿಸೇಬಲ್ಡ್ ಬದಲು ‘ಏರಿಯಾ-ಡಿಸೇಬಲ್ಡ್’ (aria-disabled) ಹಾಕಿದರೆ ಫೋಕಸ್ ಅಲ್ಲೇ ಉಳಿಯುತ್ತದೆ. ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ತಾವು ಎಲ್ಲಿದ್ದೇವೆ ಎಂಬುದು ತಪ್ಪುವುದಿಲ್ಲ. ನೆನಪಿರಲಿ, ಏರಿಯಾ ಬರೀ ಹೇಳುತ್ತದೆ, ತಡೆಯುವುದಿಲ್ಲ. ತಡೆಯುವುದು ಆ ಗುರುತೇ.

ಲಿಂಕಿಗೂ ಡಿವ್ ಎಂಬ ಸಾಮಾನ್ಯ ಪೆಟ್ಟಿಗೆಗೂ ಡಿಸೇಬಲ್ಡ್ ನಾಟುವುದಿಲ್ಲ. ಲಿಂಕನ್ನು ನಿಲ್ಲಿಸಬೇಕಾದರೆ ಎಚ್‌ರೆಫ್ (ಲಿಂಕಿನ ವಿಳಾಸ) ತೆಗೆದು ಡೇಟಾ ಆಟ್ರಿಬ್ಯೂಟಿನಲ್ಲಿ ಎತ್ತಿಡಿ. ಎಚ್‌ರೆಫ್ ಹಾಗೇ ಬಿಟ್ಟು ಕ್ಲಿಕ್ ಈವೆಂಟನ್ನಷ್ಟೇ ತಡೆದರೆ ಮೌಸಿನ ನಡುಗುಂಡಿ ಒತ್ತಿದವರಿಗೆ ಹೊಸ ಟ್ಯಾಬಿನಲ್ಲಿ ಪುಟ ತೆರೆಯುತ್ತದೆ. ನಡುಗುಂಡಿಯಿಂದ ಬರುವುದು ‘ಆಕ್ಸ್‌ಕ್ಲಿಕ್’, ಕ್ಲಿಕ್ ಅಲ್ಲ.

ಪುಟದ ಒಂದು ಭಾಗವನ್ನೇ ಮುಚ್ಚಬೇಕೆಂದರೆ ‘ಇನರ್ಟ್’ ಹಾಕಿ. ಕ್ಲಿಕ್, ಫೋಕಸ್, ಸ್ಕ್ರೀನ್ ರೀಡರ್ ಮೂರಕ್ಕೂ ಆ ಭಾಗ ಇಲ್ಲದಂತಾಗುತ್ತದೆ. 2022ರಲ್ಲಿ ಕ್ರೋಮ್ 102 ಮತ್ತು ಸಫಾರಿ 15.5ಕ್ಕೆ, 2023ರಲ್ಲಿ ಫೈರ್‌ಫಾಕ್ಸ್ 112ಕ್ಕೆ ಇದು ಬಂತು. ಕಣ್ಣಿಗೆ ಏನೂ ಬದಲಾಗುವುದಿಲ್ಲವಾದ್ದರಿಂದ ಬಣ್ಣ ಮಸುಕು ಮಾಡುವ ಕೆಲಸ ನಿಮ್ಮದೇ. ಡೈಲಾಗ್ ಎಲಿಮೆಂಟನ್ನು ‘ಶೋಮೋಡಲ್’ನಿಂದ ತೆರೆದರೆ ಹಿಂದಿನ ಪುಟ ತಾನಾಗಿಯೇ ಇನರ್ಟ್ ಆಗುತ್ತದೆ.

ಬೇರೆಯವರು ಬರೆದ ಹ್ಯಾಂಡ್ಲರನ್ನು ಕಿತ್ತುಹಾಕಲು ಹೋಗಿ ಸೋಲುವುದು ಸಾಮಾನ್ಯ. ರಿಮೂವ್‌ಈವೆಂಟ್‌ಲಿಸನರ್‌ಗೆ ಸೇರಿಸಿದಾಗಿನ ಅದೇ ಫಂಕ್ಷನ್ ಬೇಕು. ಅದೇ ಪಠ್ಯವನ್ನು ಮತ್ತೆ ಬರೆದರೆ ಅದು ಬೇರೆ ಫಂಕ್ಷನ್. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ‘ಆಫ್’ ಕೂಡ ಜೆಕ್ವೆರಿಯಿಂದ ಹಾಕಿದ್ದನ್ನಷ್ಟೇ ತೆಗೆಯುತ್ತದೆ. ಆಗ ಹೊರಗಿನ ಎಲಿಮೆಂಟ್‌ಗೆ ಕ್ಯಾಪ್ಚರ್ ಹಂತದಲ್ಲಿ (ಈವೆಂಟ್ ಹೊರಗಿನಿಂದ ಬಟನ್ ಕಡೆಗೆ ಇಳಿಯುವಾಗ) ಕ್ಲಿಕ್ ಲಿಸನರ್ ಹಾಕಿ ಸ್ಟಾಪ್‌ಪ್ರೊಪಗೇಶನ್, ಪ್ರಿವೆಂಟ್‌ಡೀಫಾಲ್ಟ್ ಎರಡನ್ನೂ ಕರೆಯಿರಿ. ಬಟನ್ ಮೇಲೆ ಎಂಟರ್ ಒತ್ತಿದಾಗಲೂ ಕ್ಲಿಕ್ ಈವೆಂಟೇ ಹುಟ್ಟುವುದರಿಂದ ಕೀಬೋರ್ಡ್ ಕೂಡ ಇದರಲ್ಲಿ ಸಿಗುತ್ತದೆ. ಪಾಯಿಂಟರ್‌ಡೌನ್, ಟಚ್‌ಸ್ಟಾರ್ಟ್ ಮೇಲೆ ಕೆಲಸ ಮಾಡುವ ಕೋಡ್ ಮಾತ್ರ ಸಿಗುವುದಿಲ್ಲ.

ಮುಗಿಸಿ ಕೊಡುವ ಮೊದಲು ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ನಿಧಾನಗೊಳಿಸಿ, ಬಟನ್ ಒತ್ತಿ, ಪುಟ ಬದಲಾದ ಮೇಲೆ ಬ್ಯಾಕ್ ಒತ್ತಿ ನೋಡಿ. ಬ್ರೌಸರ್ ಹಳೆಯ ಪುಟವನ್ನು ನೆನಪಿನಿಂದ ಹಾಗೆಯೇ ತಂದಿಟ್ಟಿದ್ದರೆ ಬಟನ್ ಮುಚ್ಚಿಯೇ ಇರುತ್ತದೆ, ಗುರುತೂ ಉಳಿದಿರುತ್ತದೆ. ‘ಪೇಜ್‌ಶೋ’ ಈವೆಂಟಿನಲ್ಲಿ ‘ಪರ್ಸಿಸ್ಟೆಡ್’ (ಪುಟ ನೆನಪಿನಿಂದ ಬಂದದ್ದೇ ಎಂಬುದು) ನೋಡಿ ಬಟನ್ ತೆರೆದು ಗುರುತನ್ನು ಅಳಿಸಿ. ಅದೇ ಟೂಲ್ಸ್‌ನಲ್ಲಿ ಡಿಸೇಬಲ್ಡ್ ಪದವನ್ನು ಯಾರು ಬೇಕಾದರೂ ಅಳಿಸಿ ಬಟನ್ ಒತ್ತಬಹುದು. ಆದ್ದರಿಂದ ಫಾರ್ಮ್ ತೆರೆಯುವಾಗಲೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಹೊಸದಾಗಿ ಹಣ ತೆಗೆಯದೆ ಮೊದಲಿನ ರಸೀದಿಯನ್ನೇ ಹಿಂದಿರುಗಿಸುವ ಕೆಲಸವನ್ನು ಸರ್ವರಿನವರಿಂದ ಅದೇ ಟಿಕೆಟ್‌ನಲ್ಲಿ ಮಾಡಿಸಿ.